ಮಾಸ್ತರ ಸೂಟಿ

ಗ್ಯಾಸ್ ಸಿಲಿಂಡರ್ ತುಂಬಿ ಬಂದ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ವಾಕ್ಯಾರ್ಥ ನಡೆಯುವುದು ವಾಡಿಕೆ. ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಮನೆ ರಸ್ತೆಯಿಂದ ತುಸು ಒಳಗಿರುವುದರಿಂದ ಗಾಡಿಯವನು ಸಿಲಿಂಡರನ್ನು ಗೇಟಿನ ಬಳಿಯೇ ಇಳಿಸಿ ಹೊರಟುಬಿಡುತ್ತಾನೆ. ಅಲ್ಲಿಂದ ಅಡುಗೆಮನೆಯವರೆಗಿನ ಇಪ್ಪತ್ತು ಹೆಜ್ಜೆಗಳು ನನ್ನ ಪೌರುಷಕ್ಕೆ ಬಿಟ್ಟದ್ದು. ಹಳಿಯಾಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ‘ಬಲ, ಕೆಲಸ ಮತ್ತು ಸರಳ ಯಂತ್ರಗಳು’ ಎಂಬ ಪಾಠವನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲ ನಾನು, ಆ ಲೋಹಪಿಂಡವನ್ನು ಎರಡೂ ಕೈಯಿಂದ ಎದೆಗವಚಿಕೊಂಡು, ಉಸಿರು ಬಿಗಿಹಿಡಿದು, ಮೂರು ಹೆಜ್ಜೆ ನಡೆದು, ನಾಲ್ಕನೆಯದಕ್ಕೆ ನಡು ಹಿಡಿದುಕೊಂಡು ನಿಲ್ಲುತ್ತೇನೆ. ಆಗ ನನ್ನ ಪತ್ನಿ ಸುಮಿತ್ರಾ ಸೋಸುತ್ತಿದ್ದ ಮೆಂತ್ಯೆ ಸೊಪ್ಪನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹೊರಬಂದು, ಇನ್ನೊಂದು ಕೈಯಿಂದ ಸಿಲಿಂಡರನ್ನು ತುಸು ವಾಲಿಸಿ, ತಳದ ಬಳೆಯ ಮೇಲೆ ಗುರುಗುರು ತಿರುಗಿಸುತ್ತ ಒಳಗೆ ಒಯ್ದುಬಿಡುತ್ತಾಳೆ. “ಅಲ್ರೀ, ಅದನ್ನ ಎತ್ತಬ್ಯಾಡ್ರಿ, ನಡಸ್ರಿ ಅಂತ ಎಷ್ಟ್ ಸರ್ತಿ ಹೇಳಬೇಕು ನಿಮಗ?” ಎನ್ನುತ್ತಾಳೆ. ಅವಳು ಕಾಲೇಜಿನಲ್ಲಿ ಓದಿದ್ದು ಇತಿಹಾಸ.

ಭೌತಶಾಸ್ತ್ರದ ಕಣ್ಣಿನಿಂದ ನೋಡಿದರೆ, ಓದುಗ ಮಿತ್ರರೇ, ನಮ್ಮ ಅಡುಗೆಮನೆಗಳಷ್ಟು ಸುಸಜ್ಜಿತವಾದ ಪ್ರಯೋಗಶಾಲೆ ಯಾವ ಶಾಲೆಯಲ್ಲೂ ಇಲ್ಲ. ಅಡಕತ್ತು, ಇಕ್ಕಳ, ಕತ್ತರಿಗಳೆಲ್ಲ ಸನ್ನೆಯ ಸಂತಾನ; ಈಳಿಗೆ, ಚಾಕುಗಳು ಬೆಣೆಯ ಕುಲದವು; ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಪಿನ ವಂಶದ್ದು, ಅತಿಥಿಗಳು ಊಟಕ್ಕೆ ಕುಳಿತಾಗಲೇ ಹಟ ಹಿಡಿಯುವ ವಂಶ. ಇವೆಲ್ಲ ಮಾಡುವ ಉಪಕಾರ ಒಂದೇ, ನಮ್ಮ ಅಲ್ಪ ಬಲವನ್ನು ಅಧಿಕವಾಗಿಸಿ ಕೊಡುವುದು. ಇದಕ್ಕೆ ‘ಯಾಂತ್ರಿಕ ಲಾಭ’ ಎಂದು ಹೆಸರು. ಲಾಭ ಎಂಬ ಮಾತು ಕೇಳಿದೊಡನೆ ಸಂತೆಯ ದಿನ ಶಾಲೆ ತಪ್ಪಿಸುವ ನನ್ನ ವಿದ್ಯಾರ್ಥಿಗಳ ಕಿವಿಗಳು ನೆಟ್ಟಗಾಗುತ್ತಿದ್ದವು. ಇದು ಅಂಥ ಲಾಭವಲ್ಲ, ಬಲದಲ್ಲಿ ಗಿಟ್ಟಿದ್ದನ್ನೆಲ್ಲ ದೂರದಲ್ಲಿ ಕಕ್ಕಬೇಕಾಗುತ್ತದೆ, ಹತ್ತು ಪಟ್ಟು ಭಾರ ಎತ್ತಬೇಕೆಂದರೆ ನಮ್ಮ ಕೈ ಹತ್ತು ಗೇಣು ಇಳಿದಾಗ ಕಲ್ಲು ಒಂದೇ ಗೇಣು ಏಳುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ ಅದೇ ಕಿವಿಗಳು ಜೋತುಬೀಳುತ್ತಿದ್ದವು.

‘ಸನ್ನೆ’ಯ ಫಜೀತಿ ಇನ್ನೂ ದೊಡ್ಡದು. ಭಾರವನ್ನು ಮೀಟಿ ಎತ್ತುವ ಕೋಲಿಗೆ ಪಠ್ಯದಲ್ಲಿ ಸನ್ನೆ ಎಂದು ನಾಮಕರಣವಾಗಿದೆ. ಊರಿನ ಜನಕ್ಕಾದರೋ ಸನ್ನೆ ಎಂದರೆ ಕಣ್ಣಿನಿಂದಲೋ ಕೈಯಿಂದಲೋ ಮಾಡುವ ಸೂಚನೆ. ನಮ್ಮ ಕಡೆಯ ನಾಲಿಗೆಯಲ್ಲಿ ಅದು ‘ಸನ್ನಿ’ ಆಗುವುದರಿಂದ ಜ್ವರ ತಲೆಗೇರಿದವರ ಬಡಬಡಿಕೆಯೂ ಅದರೊಳಗೆ ಸೇರಿಕೊಂಡು ಅರ್ಥಗಳು ಮೂರಾಗುತ್ತವೆ. ನಿತ್ಯಜೀವನದಲ್ಲಿ ಕಂಡ ಸನ್ನೆಗೊಂದು ಉದಾಹರಣೆ ಕೊಡಿರಿ ಎಂದು ನಾನೊಮ್ಮೆ ಕೇಳಿದಾಗ, ಎದ್ದು ನಿಂತ ವಿದ್ಯಾರ್ಥಿಯೊಬ್ಬ ಗಂಭೀರವಾಗಿ ನನಗೇ ಕಣ್ಣು ಹೊಡೆದ. ತರಗತಿ ಹದಿನೈದು ನಿಮಿಷ ನನ್ನ ಹತೋಟಿಗೆ ಸಿಗಲಿಲ್ಲ. ಊರಲ್ಲಿ ಯಾರೂ ‘ಸನ್ನೆ ಹಾಕು’ ಎನ್ನುವುದಿಲ್ಲ, ‘ಹಾರಿ ಹಾಕಿ ಮೀಟು’ ಎನ್ನುತ್ತಾರೆ, ಹಾರೆಯೇ ನಿಜವಾದ ಸನ್ನೆ ಎಂದು ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಗ್ರಾಂಥಿಕವಾದದ್ದೇ ಶಾಸ್ತ್ರೀಯ ಎಂಬ ಭ್ರಮೆ ಆಗ ನನಗಿತ್ತು, ಮತ್ತು ಆ ಭ್ರಮೆ ಹೋದ ಮಳೆಗಾಲದವರೆಗೂ ಸುಖವಾಗಿಯೇ ಬಾಳಿತು.

ಹೋದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಸುಮಿತ್ರಾಳ ಅಕ್ಕನ ಊರು ತೇರಗಾಂವಕ್ಕೆ ಇಬ್ಬರೂ ಸ್ಕೂಟರಿನಲ್ಲಿ ಹೊರಟಿದ್ದೆವು. ಹಳಿಯಾಳ ದಾಟಿ ಸ್ವಲ್ಪ ದೂರದಲ್ಲಿ, ರಸ್ತೆಯಿಂದ ಕೂಗಳತೆಯಲ್ಲಿರುವ ಏಳೆಂಟು ಮನೆಗಳ ಒಂದು ಕೇರಿಯಲ್ಲಿ ಜನ ನೆರೆದದ್ದು ಕಂಡು ಸ್ಕೂಟರನ್ನು ಅತ್ತ ತಿರುಗಿಸಿದೆ. ಹಿಂದಿನ ದಿನದ ಗಾಳಿಗೆ ದೊಡ್ಡದೊಂದು ಮತ್ತಿ ಮರ ಉರುಳಿ ಒಂದು ಮನೆಯ ದನದ ಕೊಟ್ಟಿಗೆಯ ಮೇಲೆ ಬಿದ್ದಿತ್ತು. ರೆಂಬೆಗಳನ್ನೆಲ್ಲ ಆಗಲೇ ಕಡಿದು ತೆಗೆದಿದ್ದರು. ಉಳಿದ ಬೊಡ್ಡೆ ಮಾತ್ರ ಮುರಿದ ತೊಲೆಯ ಮೇಲೆ ಕುಳಿತಿತ್ತು; ತೊಲೆಯ ಕೆಳಗಿನ ಸಂದಿನಲ್ಲಿ ಹಿಂಗಾಲು ಸಿಕ್ಕಿಸಿಕೊಂಡು ಒಂದು ಎಮ್ಮೆ ಮಲಗಿತ್ತು. ಅದರ ತಲೆಯ ಬಳಿ ಕುಳಿತು ಕೊರಳು ಸವರುತ್ತಿದ್ದ ಹೆಂಗಸು ನನ್ನನ್ನು ಕಂಡು ಎದ್ದು ನಿಂತಳು. ಇಪ್ಪತ್ತು ವರ್ಷಗಳ ಹಿಂದಿನ ನನ್ನ ವಿದ್ಯಾರ್ಥಿನಿ, ಫಿಲೋಮಿನಾ.

“ಎರಡು ಎಮ್ಮಿ ಸಾಕ್ಕೊಂಡೀನ್ರಿ ಸರ್. ಇದು ತುಂಬಿದ ಬಸರಿ. ಇವತ್ತ ನಾಳೆ ಈಯೂದೈತಿ,” ಎಂದಳು. “ಜೆಸಿಬಿಗೆ ಫೋನ್ ಹಚ್ಚಿದ್ವಿ. ಹಾದಿಯೊಳಗ ಕೆಸರ ಐತಿ, ಮಧ್ಯಾಹ್ನ ಆಕ್ಕೈತಿ ಅಂತಾರ. ಅಲ್ಲೀತನಕ ಇದು ತಡೀತೈತೋ ಇಲ್ಲೋ.” ತಡೆಯುವುದಿಲ್ಲವೆಂದು ನೋಡಿದ ಯಾರಿಗೂ ಗೊತ್ತಾಗುವಂತಿತ್ತು. ಎಮ್ಮೆ ಒದ್ದಾಡಿದಾಗಲೆಲ್ಲ ತೊಲೆ ಕಿರ್ರೆಂದು ಇನ್ನಷ್ಟು ಕುಸಿಯುತ್ತಿತ್ತು.

ಇಲ್ಲಿ ನಾನೊಂದು ಹಳೆಯ ಸಂಗತಿಯನ್ನು ಹೇಳಲೇಬೇಕು. ಫಿಲೋಮಿನಾ ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಕಿರುಪರೀಕ್ಷೆಯಲ್ಲಿ ನನ್ನ ಮೆಚ್ಚಿನ ಪ್ರಶ್ನೆಯನ್ನು ಕೇಳಿದ್ದೆ. ಒಬ್ಬ ಹಮಾಲ ಐವತ್ತು ಕಿಲೋ ಹೊರೆಯನ್ನು ತಲೆಯ ಮೇಲೆ ಹೊತ್ತು ಒಂದು ತಾಸು ನಿಂತಲ್ಲೇ ನಿಂತಿದ್ದಾನೆ. ಅವನು ಆ ಹೊರೆಯ ಮೇಲೆ ಮಾಡಿದ ಕೆಲಸವೆಷ್ಟು? ಉತ್ತರ, ಸೊನ್ನೆ. ಬಲ ಎಷ್ಟೇ ಇರಲಿ, ಹೊರೆ ಒಂದಿಷ್ಟಾದರೂ ಸರಿಯದಿದ್ದರೆ ಶಾಸ್ತ್ರದ ಪ್ರಕಾರ ಅದು ಕೆಲಸವಲ್ಲ. ಫಿಲೋಮಿನಾ ಬರೆದದ್ದು ‘ಒಂದು ತಾಸಿನ ಕೆಲಸ’ ಎಂದು. ನಾನು ಅದನ್ನು ಇಡೀ ತರಗತಿಗೆ ಓದಿ ಹೇಳಿ, ನಿಮ್ಮಪ್ಪ ಏನು ಮಾಡುತ್ತಾನೆಂದು ಕೇಳಿದೆ. ದಾಂಡೇಲಿಯ ನಾಟಾ ಡಿಪೋದಲ್ಲಿ ದಿಮ್ಮಿ ಹೊರುವ ಹಮಾಲಿ ಎಂದಳು. “ಹಂಗಾರ ಮನಿಗೆ ಹೋಗಿ ಹೇಳು, ದಿಮ್ಮಿ ಹೊತ್ಕೊಂಡು ನಿಂತಷ್ಟ್ ಹೊತ್ತು ನಿಮ್ಮಪ್ಪ ಸೂಟಿ ಮ್ಯಾಲೆ ಇದ್ದಂಗ ಅಂತ,” ಎಂದೆ. ಸೂಟಿ ಎಂದರೆ ನಮ್ಮಲ್ಲಿ ರಜೆ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಮರುದಿನದಿಂದ ಕೊನೆಯ ಬೆಂಚಿಗೆ ಹೋದಳು. ನಾನು ಗಮನಿಸಿದೆ, ಕಾರಣ ಕೇಳಲಿಲ್ಲ. ಬದಲಿಗೆ ಈ ಚಟಾಕಿಯನ್ನು ಸ್ಟಾಫ್ ರೂಮಿನಲ್ಲಿ, ಮದುವೆಯ ಪಂಕ್ತಿಗಳಲ್ಲಿ, ಕಡೆಗೆ ನನ್ನ ಬೀಳ್ಕೊಡುಗೆ ಸಮಾರಂಭದಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಆ ‘ಅಪ್ಪ’ ಈಗ ಎಪ್ಪತ್ತರ ಆಸುಪಾಸಿನ ಜುಜೆ. ಹೆಗಲ ಮೇಲೆ ದಿಮ್ಮಿ ಹೊತ್ತ ಜಾಗ ಗಟ್ಟಿ ಬಿದ್ದು ಉಬ್ಬಿಕೊಂಡಿರುವ ಸಿದ್ದಿ ಮುದುಕ, ಮೈಯಲ್ಲಿ ಒಂದು ಚೂರು ಅವಸರವಿಲ್ಲ. ಬೊಡ್ಡೆ ಎತ್ತುವ ಕಾರ್ಯಾಚರಣೆಗೆ ಅವರೇ ದಳಪತಿ. ಬೊಡ್ಡೆಗೆ ಹಗ್ಗ ಸುತ್ತಿ ನಾಲ್ವರನ್ನು ಆಚೆ ಬದಿಗೆ ನಿಲ್ಲಿಸಿದ್ದರು. ಈಚೆ ಬದಿಯಲ್ಲಿ ತೋಳಿಗಿಂತ ದಪ್ಪನೆಯ, ಮೂರಾಳುದ್ದದ ಒಂದು ಗಳವನ್ನು ಬೊಡ್ಡೆಯ ಕೆಳಗೆ ತೂರಿಸಿ, ಅದರಡಿಗೆ ಒಂದು ಹಳೆಯ ಒರಳುಕಲ್ಲನ್ನು ಆನಿಸುತ್ತಿದ್ದರು. ಗಳದ ತುದಿ ಅದುಮಿದರೆ ಬೊಡ್ಡೆ ಏಳುತ್ತದೆ. ಎದ್ದ ಮೇಲೆ ಹಗ್ಗದವರು ಎಳೆದರೆ ಅದು ಆಚೆ ಉರುಳುತ್ತದೆ. ಏಳುವ ಮೊದಲೇ ಎಳೆದರೆ ತೊಲೆಯನ್ನೂ ಎಮ್ಮೆಯ ಮೇಲೆ ಎಳೆದುಕೊಂಡು ಬರುತ್ತದೆ. “ನಾ ಕೈ ಎತ್ತಿ ಸನ್ನಿ ಮಾಡೂತನಕ ಯಾರೂ ಹಗ್ಗ ಜಗ್ಗಬ್ಯಾಡ್ರಿ,” ಎಂದು ಜುಜೆ ಎರಡೆರಡು ಸಲ ಹೇಳಿದರು. ಆ ಮಾತು ನನ್ನ ಕಿವಿಗೂ ಬಿತ್ತು. ಬಿದ್ದದ್ದು ಕಿವಿಗೆ ಮಾತ್ರ.

ಯಾಕೆಂದರೆ ನನ್ನ ಕಣ್ಣೆಲ್ಲ ಆ ಒರಳುಕಲ್ಲಿನ ಮೇಲಿತ್ತು. ನಿವೃತ್ತನಾದ ಮಾಸ್ತರನ ಕಣ್ಣೆದುರು ಪ್ರಥಮ ವರ್ಗದ ಸನ್ನೆಯೊಂದು ಸಾಕ್ಷಾತ್ತಾಗಿ ಸಿದ್ಧವಾಗುತ್ತಿರುವಾಗ ಅವನನ್ನು ಸುಮ್ಮನಿರಿಸುವ ಬಲ ಯಾವ ಯಂತ್ರಕ್ಕೂ ಇಲ್ಲ. ಸುಮಿತ್ರಾ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು, ಬಿಡಿಸಿಕೊಂಡೆ. ಕಲ್ಲನ್ನು ಭಾರಕ್ಕೆ ಇನ್ನೂ ಹತ್ತಿರ ಸರಿಸಿದರೆ ಲಾಭ ದುಪ್ಪಟ್ಟಾಗುತ್ತದೆ ಎಂದೆ. ಹತ್ತಿರ ಸರಿಸಿದರೆ ಭಾರ ಹಗುರವಾಗುತ್ತದೆ, ಆದರೆ ಎಮ್ಮೆಯ ಕಾಲು ಈಚೆ ಬರುವಷ್ಟು ಎತ್ತರಕ್ಕೆ ಏಳುವುದಿಲ್ಲ ಎಂದು ಜುಜೆ ನನ್ನ ಪಾಠದ ಎರಡನೆಯ ಅರ್ಧವನ್ನು ನನಗೇ ನೆನಪಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. ಕಲ್ಲು ಸರಿಯಾಗಿ ಕೂತಿತೆಂದು ನನಗೆ ಕಂಡ ಕ್ಷಣವೇ, ತರಗತಿಯ ಹಿಂದಿನ ಗೋಡೆಗೆ ಮುಟ್ಟಿಸುತ್ತಿದ್ದ ಕಂಠದಲ್ಲಿ ಕೂಗಿಬಿಟ್ಟೆ: “ಸನ್ನೆ! ಹೂಂ, ಸನ್ನೆ ಹಾಕಿರಿ, ಸನ್ನೆ!”

ಆಚೆ ಬದಿಯಲ್ಲಿ ತಲೆ ತಗ್ಗಿಸಿ ಹಗ್ಗ ಬಿಗಿಹಿಡಿದು ಕಾದಿದ್ದ ನಾಲ್ವರು ಸನ್ನೆಯಾಯಿತೆಂದು ಎಳೆದರು.

ಬೊಡ್ಡೆ ಒಂದು ಗೇಣು ಉರುಳಿತು. ತೊಲೆ ಕುಸಿಯಿತು. ಎಮ್ಮೆ ಕೂಗಿದ ಕೂಗು ಮತ್ತು ಫಿಲೋಮಿನಾ ಕೂಗಿದ ಕೂಗು ಎರಡೂ ಒಟ್ಟಿಗೆ ಬಂದವು. ಜುಜೆ ಮಾತ್ರ ಕೂಗಲಿಲ್ಲ. ಅವರು ಗಳದ ತುದಿಯ ಮೇಲೆ ಹೊಟ್ಟೆಯಡಿಯಾಗಿ ಬಿದ್ದು ಅದನ್ನು ನೆಲದತ್ತ ಒತ್ತಿದರು. ಬೊಡ್ಡೆ ಏನೋ ನೆನಪಾದಂತೆ ನಿಂತಿತು. “ಯಾರು ಸನ್ನಿ ಮಾಡಿದವ್ರು?” ಎಂದು ಆಚೆಯಿಂದ ಒಬ್ಬ ಕೇಳಿದ. ನಾನು ಒರಳುಕಲ್ಲಿನತ್ತ ನೋಡಿದೆ. “ಮಾಸ್ತರ್ರ, ಮಾತು ಆಮ್ಯಾಲೆ. ಇತ್ತಾಗ ಬರ್ರಿ, ಇದನ್ನ ಹಿಡೀರಿ,” ಎಂದರು ಜುಜೆ. ಬೈಗುಳವೂ ಇಲ್ಲ, ಸಿಟ್ಟೂ ಇಲ್ಲ. ನಾನು ಓಡಿಹೋಗಿ ಅವರ ಪಕ್ಕದಲ್ಲಿ ಗಳದ ಮೇಲೆ ನನ್ನ ಭಾರವನ್ನೆಲ್ಲ ಹಾಕಿದೆ.

ಈಗ ಪರಿಸ್ಥಿತಿ ಹೀಗಿತ್ತು. ಗಳ ಬಿಟ್ಟರೆ ಬೊಡ್ಡೆ ತೊಲೆಯ ಮೇಲೆ ಕೂರುತ್ತದೆ, ತೊಲೆ ಎಮ್ಮೆಯ ಮೇಲೆ. ಇನ್ನಷ್ಟು ಒತ್ತಿದರೆ ಗಳ ಮುರಿಯುತ್ತದೆ. ಆದ್ದರಿಂದ ಉಳಿದವರು ಬದುವಿನ ಕಲ್ಲುಗಳನ್ನು ಕಿತ್ತು ತಂದು ತೊಲೆಯಡಿಗೆ ಒಂದೊಂದಾಗಿ ಸೇರಿಸಿ, ಬೆಣೆ ಬಡಿದು ಗಟ್ಟಿ ಮಾಡುವವರೆಗೆ ನಾವಿಬ್ಬರೂ ಇದ್ದಂತೆಯೇ ಇರಬೇಕು. ಏಳಕೂಡದು, ಇಳಿಯಕೂಡದು, ಕೆಮ್ಮಕೂಡದು. ಮೊದಲ ನಿಮಿಷ ನನಗೆ ಇದೇನು ಮಹಾ ಎನಿಸಿತು. ಎರಡನೆಯದರಲ್ಲಿ ತೋಳು ನಡುಗಲು ಶುರುವಾಯಿತು. ಮೂರನೆಯದರಲ್ಲಿ ಬೆವರು ಕಣ್ಣಿಗಿಳಿದು ಕನ್ನಡಕ ಮೂಗಿನ ತುದಿಗೆ ಜಾರಿತು, ಮತ್ತು ಅದನ್ನು ಏರಿಸಿಕೊಳ್ಳುವುದಕ್ಕೆ ನನ್ನ ಬಳಿ ಮೂರನೆಯ ಕೈ ಇರಲಿಲ್ಲ. ಗಳ ಒಂದು ಕೂದಲಿನಷ್ಟೂ ಕದಲಲಿಲ್ಲ. ನಾನು ಮೂವತ್ತೊಂದು ವರ್ಷ ಕಲಿಸಿದ ಸೂತ್ರದ ಪ್ರಕಾರ ನಾನು ಗಳದ ಮೇಲೆ ಮಾಡುತ್ತಿದ್ದ ಕೆಲಸ ನಿಖರವಾಗಿ ಸೊನ್ನೆ. ಆ ಸೊನ್ನೆ ನನ್ನ ಬೆನ್ನುಮೂಳೆಯಲ್ಲಿ ಒಂದೊಂದೇ ಮಣಿಯನ್ನು ಎಣಿಸುತ್ತ ಮೇಲೇರುತ್ತಿತ್ತು.

ಆಗ ಜುಜೆ, ಮುಖದಲ್ಲಿ ಒಂದು ಗೆರೆಯನ್ನೂ ಬದಲಿಸದೆ, ಎಲ್ಲರಿಗೂ ಕೇಳುವಂತೆ ಕೂಗಿದರು: “ಅವಸರ ಮಾಡಬ್ಯಾಡ್ರಪಾ! ಇಲ್ಲಿ ಮಾಸ್ತರ ಸೂಟಿ ನಡದೈತಿ!” ಕಲ್ಲು ಹೊರುತ್ತಿದ್ದವರು ಅಂಥ ಹೊತ್ತಿನಲ್ಲೂ ಕಿಸಕ್ಕನೆ ನಕ್ಕರು. ನನಗೆ ಯೋಚಿಸುವುದಕ್ಕೆ ಪುರುಸೊತ್ತಿರಲಿಲ್ಲ. ನನ್ನ ಕಣ್ಣು ಇದ್ದದ್ದು ಫಿಲೋಮಿನಾಳ ಮೇಲೆ. ಅವಳು ಎಮ್ಮೆಯ ಕೊರಳಿಗೆ ತನ್ನ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ, ಅದಕ್ಕೆ ಕೊಂಕಣಿಯಲ್ಲಿ ಏನನ್ನೋ ಹೇಳುತ್ತಿದ್ದಳು. ಈ ಜೀವ ಹೋದರೆ ಅದು ನನ್ನ ಒಂದು ಶಬ್ದದಿಂದ ಹೋದಂತೆ ಎಂಬ ಭಯ ಆ ಬೊಡ್ಡೆಗಿಂತ ಭಾರವಾಗಿತ್ತು.

ಹತ್ತು ನಿಮಿಷವಾಗಿತ್ತಂತೆ, ಸುಮಿತ್ರಾ ಮೊಬೈಲಿನಲ್ಲಿ ನೋಡಿಕೊಂಡಿದ್ದಳು. ಕೊನೆಯ ಬೆಣೆ ಬಿತ್ತು. ಜುಜೆ ಕೈ ಎತ್ತಿದರು, ಹಗ್ಗದವರು ಎಳೆದರು, ಬೊಡ್ಡೆ ದಡದಡ ಆಚೆ ಉರುಳಿ ಗದ್ದೆಯ ಕೆಸರಿನಲ್ಲಿ ಕೂತಿತು. ನಾಲ್ಕಾರು ಕೈ ಸೇರಿ ತೊಲೆ ಎತ್ತಿದವು. ಎಮ್ಮೆ ಒಂದು ಸಲ ಎದ್ದು ಬಿದ್ದು, ಮತ್ತೆ ಎದ್ದು, ಚರ್ಮ ಕಿತ್ತುಹೋದ ಹಿಂಗಾಲನ್ನು ಕೊಡವಿ, ನಮ್ಮನ್ನೆಲ್ಲ ತುಸು ತಿರಸ್ಕಾರದಿಂದ ನೋಡಿ, ಬಿದ್ದಿದ್ದ ಮತ್ತಿಯ ಸೊಪ್ಪಿಗೆ ಬಾಯಿ ಹಾಕಿತು. ಫಿಲೋಮಿನಾ ಅದರ ಹೊಟ್ಟೆಗೆ ಕೈಯಿಟ್ಟು ನೋಡಿ, “ಒಳಗ ಅಲಗ್ಯಾಡಾಕತ್ತೈತಿ,” ಎಂದು ಅಳತೊಡಗಿದಳು. ನನಗೂ ಅಳು ಬಂತು. ಬೆವರೆಂದು ಒರೆಸಿಕೊಂಡೆ.

ಚಹಾ ಬಂತು. ಲೋಟ ಹಿಡಿಯಲು ಹೋದರೆ ನನ್ನ ಬೆರಳುಗಳು ಮಡಚುತ್ತಿರಲಿಲ್ಲ. ಎರಡೂ ಅಂಗೈಗಳ ನಡುವೆ ಲೋಟ ಇಟ್ಟುಕೊಂಡು ಕುಡಿದೆ. ಮಾಸ್ತರ ಸೂಟಿ ಅಂದರೇನೆಂದು ಕೇಳಿದೆ, ಗೊತ್ತಿದ್ದೂ ಕೇಳಿದೆ. ಜುಜೆ ಸಂಕೋಚವಿಲ್ಲದೆ ಹೇಳಿದರು.

“ಅದು ನೀವ ಹೇಳಿದ್ದ ಮಾತೈತ್ರಿ ಮಾಸ್ತರ್ರ. ಮಗಳು ಅವತ್ತ ಮನಿಗೆ ಬಂದು ಹೇಳಿದ್ಲು. ಮರುದಿನ ನಾ ಡಿಪೋದಾಗ ಹೇಳಿದೆ. ಮೊದ್ಲ ಎಲ್ಲಾರಿಗೂ ಸಿಟ್ಟು ಬಂತು. ಆಮ್ಯಾಲೆ ಒಂದಿನ ದೊಡ್ಡ ಸಾಗವಾನಿ ದಿಮ್ಮಿ ಹೆಗಲ ಮ್ಯಾಲೆ ಐತಿ, ಲಾರಿ ಇನ್ನೂ ಹಿಂದ ಬರವಲ್ದು, ನಿಂತೇವಿ. ಒಬ್ಬಾಂವ ಅಂದ, ಯಾಕ ಒದ್ದಾಡ್ತೀರಿ, ಈಗ ಮಾಸ್ತರ ಸೂಟಿ ಅಂತ. ನಕ್ಕೊಂತ ನಿಂತ್ವಿ. ಅವತ್ತಿಂದ ಅದ ಹೆಸರಾತು. ಈಗಿನ ಹಮಾಲಿ ಮಂದಿನೂ ಹಂಗ ಅಂತಾರ. ಯಾವ ಮಾಸ್ತರ ಅಂತ ಮಾತ್ರ ಅವ್ರಿಗೆ ಗೊತ್ತಿಲ್ಲ.”

ಎಲ್ಲರೂ ನಕ್ಕರು, ಸುಮಿತ್ರಾ ಎಲ್ಲರಿಗಿಂತ ಹೆಚ್ಚು. ಇಪ್ಪತ್ತು ವರ್ಷ ನಾನು ಮದುವೆಯ ಪಂಕ್ತಿಗಳಲ್ಲಿ ಆ ಹಮಾಲನನ್ನು ಕುರಿತು ನಗಿಸುತ್ತಿದ್ದಾಗ, ಅತ್ತ ಡಿಪೋದಲ್ಲಿ ಆ ಹಮಾಲರು ಹೆಗಲ ಮೇಲೆ ಟನ್ನುಗಟ್ಟಲೆ ಮರ ಹೊತ್ತು ನನ್ನನ್ನು ಕುರಿತು ನಗುತ್ತಿದ್ದರು. ಲೆಕ್ಕ ಸರಿಹೋಯಿತು ಎಂದುಕೊಂಡು ನಾನೂ ನಗಲು ಹೊರಟೆ.

“ಅವ್ರು ನಕ್ಕರು ಸರ್,” ಎಂದಳು ಫಿಲೋಮಿನಾ. ಎಮ್ಮೆಯ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. “ನಾ ನಗಲಿಲ್ಲ. ಹಿಂದಿನ ಬೆಂಚಿನಿಂದ ಬೋರ್ಡು ನನಗ ಸರೀ ಕಾಣ್ತಿದ್ದಿಲ್ಲ.”

ನಗು ನಿಂತಿತು. ನಾಚಿಕೆ ಎಂಬುದು ಮುಖಕ್ಕೆ ಮಾತ್ರ ಬರುತ್ತದೆಂದು ತಿಳಿದಿದ್ದೆ. ಅದು ಅಂಗಾಲಿನಿಂದ ಏರುತ್ತದೆ.

“ಪುಸ್ತಕದ ಲೆಕ್ಕ ಸರಿ ಇತ್ತವಾ,” ಎಂದೆ. “ನಾ ನಿಮ್ಮಪ್ಪನ ಕೆಲಸ ಹಿಡಕೊಂಡು ನಗಿಸಿದ್ದು ತಪ್ಪು. ನೀ ಹಿಂದ ಹೋಗಿ ಕುಂತಾಗ ಯಾಕಂತ ಕೇಳದ ಇದ್ದದ್ದು ಇನ್ನೂ ದೊಡ್ಡ ತಪ್ಪು. ಇವತ್ತ ನಿನ್ನ ಎಮ್ಮಿ ಜೀವಾನೂ ತಗೀತಿದ್ದೆ.”

ಫಿಲೋಮಿನಾ ಅರಿಸಿನದ ಕೈಯನ್ನು ಸೆರಗಿಗೆ ಒರೆಸಿಕೊಂಡು ಆಕಾಶ ನೋಡಿದಳು. ಮೋಡ ಮತ್ತೆ ಕಟ್ಟುತ್ತಿತ್ತು. ಎಮ್ಮೆ ಈಯುವ ಮೊದಲು ಅದರ ತಲೆಯ ಮೇಲೊಂದು ಸೂರು ಆಗಬೇಕಿತ್ತು. ಗಂಡಸರು ಆಗಲೇ ಎರಡು ಕವೆಗಂಬಗಳಿಗೆ ಗುಂಡಿ ತೋಡುತ್ತಿದ್ದರು. ಕಂಬಗಳಿಗೆ ಮಣ್ಣು ತುಂಬಿ ಗಟ್ಟಿ ಮಾಡುವವರೆಗೆ ಮೇಲಿನ ಹೊಸ ತೊಲೆಯನ್ನು ಎರಡೂ ಕಡೆ ಯಾರಾದರೂ ಹೆಗಲು ಕೊಟ್ಟು ಹಿಡಿಯಬೇಕಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಲೋಟ ಕೆಳಗಿಟ್ಟು ಎದ್ದು ಹೋಗಿ ಒಂದು ತುದಿಗೆ ಹೆಗಲು ಕೊಟ್ಟೆ. ಇನ್ನೊಂದು ತುದಿಗೆ ಜುಜೆ ಬರುತ್ತಿದ್ದರು; ಫಿಲೋಮಿನಾ ಅಪ್ಪನನ್ನು ಪಕ್ಕಕ್ಕೆ ಸರಿಸಿ ತಾನೇ ಬಂದು ನಿಂತಳು.

ತೊಲೆ ಭಾರವಿತ್ತು. ಹಸಿ ಮರದ ವಾಸನೆ ಮೂಗಿಗೆ ಬರುತ್ತಿತ್ತು. ಗುದ್ದಲಿಯವರು ಮಣ್ಣು ಎಳೆದು ಕಾಲಿನಿಂದ ತುಳಿಯುತ್ತಿದ್ದರು. ನಾನು ಹೆಗಲು ಬದಲಿಸಲು ಹೋದದ್ದನ್ನು ಆ ತುದಿಯಿಂದ ಅವಳು ನೋಡಿದಳು.

“ಅಲಗಬ್ಯಾಡ್ರಿ ಸರ್,” ಎಂದಳು.

ನಾನು ಅಲುಗಲಿಲ್ಲ.